ಭಾರವೆಂಬ ಲಕ್ಷಣ: ಕಚ್ಚಾತೈಲಗಳ ವಿಂಗಡಣೆಯನ್ನು ಕುರಿತು ಒಂದು ವಿಮರ್ಶೆ

ಭೂಮಿಯ ಒಡಲಿನಿಂದ ತೆಗೆಯುವ ಕಚ್ಚಾತೈಲಗಳನ್ನು ಹಗುರ, ಮಧ್ಯಮ, ಭಾರ ಎಂದು ವಿಂಗಡಿಸುವ ಪದ್ಧತಿಯು ಪಠ್ಯಪುಸ್ತಕಗಳಲ್ಲಿಯೂ ವಾಣಿಜ್ಯದಲ್ಲಿಯೂ ಬಹುಕಾಲದಿಂದ ರೂಢಿಯಲ್ಲಿದೆ. ವಿದ್ಯಾರ್ಥಿಗಳು ಈ ಮೂರು ಹೆಸರುಗಳನ್ನು ಮೂರು ಜಾತಿಯ ಪದಾರ್ಥಗಳ ಹೆಸರುಗಳೆಂದೇ ಭಾವಿಸಿ ಕಂಠಪಾಠ ಮಾಡುವುದುಂಟು. ವಾಸ್ತವವಾಗಿ ಇವು ಒಂದೇ ಒಂದು ಅಳತೆಗೋಲಿನ ಮೇಲೆ ಎಳೆದ ಎರಡು ಗೆರೆಗಳಿಂದ ಉಂಟಾದ ಭಾಗಗಳು. ಈ ಗೆರೆಗಳು ಏನನ್ನು ತಿಳಿಸುತ್ತವೆ, ಏನನ್ನು ಮರೆಮಾಡುತ್ತವೆ, ಅವುಗಳ ಬದಲು ಎಣ್ಣೆಯ ರಾಸಾಯನಿಕ ಸಂಯೋಜನೆಯನ್ನೇ ಹಿಡಿದು ವಿಂಗಡಿಸಹೊರಟರೆ ಎಷ್ಟು ದೂರ ಹೋಗಬಹುದು ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಕುಳಿತು ಕಚ್ಚಾತೈಲದ ಮಾತೆತ್ತುವುದು ಅಸಂಗತವೆಂದು ವಾಚಕರಲ್ಲಿ ಕೆಲವರಿಗೆ ತೋರಬಹುದು. ನಮ್ಮ ನೆಲದಡಿಯಲ್ಲಿ ಎಣ್ಣೆಯಿಲ್ಲ. ಇರಲು ಆಸ್ಪದವೂ ಇಲ್ಲ. ಎಣ್ಣೆ ಹುಟ್ಟಬೇಕಾದರೆ ಜೀವಾವಶೇಷಗಳನ್ನು ತಮ್ಮಲ್ಲಿ ಹೂತಿಟ್ಟುಕೊಂಡ ಜಲಜಶಿಲೆಗಳು ಬೇಕು. ಇಲ್ಲಿರುವುದಾದರೋ ಬಿಳಿಗಿರಿರಂಗನ ಬೆಟ್ಟದ ಚಾರ್ನೊಕೈಟ್, ಬಯಲಿನ ನೈಸ್ ಶಿಲೆ. ಎರಡೂ 250 ಕೋಟಿ ವರ್ಷಗಳಿಗೂ ಹಿಂದೆ ಭೂಗರ್ಭದ ತಾಪದಲ್ಲಿ ಬೆಂದು ಹದಗೊಂಡವು. ಅವುಗಳನ್ನು ಸೀಳಿಕೊಂಡು ಬಂದ ಡಾಲರೈಟ್ ಗೋಡೆಗಳನ್ನು ನಾವು ಕರಿಕಲ್ಲೆಂದು ಕಡಿದು ಹೊರದೇಶಗಳಿಗೆ ಕಳುಹಿಸುತ್ತೇವೆ. ಆದರೂ ಕಚ್ಚಾತೈಲದ ಅತ್ಯಂತ ಭಾರವಾದ ಅಂಶವು ನಮ್ಮೂರುಗಳಿಗೆ ಬರದೆ ಇಲ್ಲ. ಗುಂಡ್ಲುಪೇಟೆಯಲ್ಲಿ ಕೂಡುವ 766 ಮತ್ತು 181ನೆಯ ಹೆದ್ದಾರಿಗಳ ಮೇಲೆ, ಚಾಮರಾಜನಗರವನ್ನು ಹಾದು ದಿಂಬಂ ಘಟ್ಟದ ಕಡೆಗೆ ಸಾಗುವ 948ನೆಯ ಹೆದ್ದಾರಿಯ ಮೇಲೆ, ಅವುಗಳಿಂದ ಕವಲೊಡೆದ ಹಳ್ಳಿಹಾದಿಗಳ ಮೇಲೆ ಹಾಸಿರುವ ಡಾಮರು ಈ ಅಂಶವೇ ಆಗಿದೆ. ಆ ಹಾದಿಗಳು ಒಂದೆರಡು ಮಳೆಗಾಲಗಳಲ್ಲಿ ಕಿತ್ತುಹೋದಾಗ ಏಳುವ ವಾದಗಳಲ್ಲಿ ಗುತ್ತಿಗೆದಾರನ ಹೆಸರು, ಮೇಲ್ವಿಚಾರಕನ ಹೆಸರು ಬರುತ್ತವೆ. ಎಣ್ಣೆಯ ಹೆಸರು ಬರುವುದಿಲ್ಲ. ಆದಕಾರಣ ಭಾರತೈಲದ ವಿಂಗಡಣೆಯು ನಮಗೆ ದೂರದ ವಿಷಯವೆಂದು ನಾವು ಎಣಿಸಿಲ್ಲ.

ರೂಢಿಯಲ್ಲಿರುವ ಅಳತೆಗೋಲು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯು 1921ರಲ್ಲಿ ಗೊತ್ತುಮಾಡಿದ್ದು, ಎ.ಪಿ.ಐ. ಡಿಗ್ರಿ ಎಂಬುದು ಅದರ ಹೆಸರು. 141.5 ಎಂಬ ಸಂಖ್ಯೆಯನ್ನು ಎಣ್ಣೆಯ ಸಾಪೇಕ್ಷ ಸಾಂದ್ರತೆಯಿಂದ ಭಾಗಿಸಿ, ಬಂದ ಲಬ್ಧದಿಂದ 131.5ನ್ನು ಕಳೆದರೆ ಡಿಗ್ರಿ ದೊರೆಯುತ್ತದೆ. ನೀರಿಗೆ 10 ಡಿಗ್ರಿ. ಎಣ್ಣೆ ಭಾರವಾದಷ್ಟೂ ಡಿಗ್ರಿ ಇಳಿಯುತ್ತದೆ, ಇದೊಂದು ತಲೆಕೆಳಗಾದ ಲೆಕ್ಕ. 22.3 ಡಿಗ್ರಿಗಿಂತ, ಮತ್ತೆ ಕೆಲವರ ಮತದಂತೆ 20 ಡಿಗ್ರಿಗಿಂತ, ಕೆಳಗಿನದು ಭಾರತೈಲ. 10ಕ್ಕಿಂತ ಕೆಳಗಿನದು ಅತಿಭಾರತೈಲ. ತೇಲುಬುರುಡೆಯೊಂದನ್ನು ಎಣ್ಣೆಯಲ್ಲಿ ಬಿಟ್ಟು ಓದಿಕೊಂಡರೆ ಮುಗಿಯಿತು. ಈ ಸುಲಭತೆಯೇ ಅದರ ದೀರ್ಘಾಯುಷ್ಯಕ್ಕೆ ಕಾರಣವೆಂಬುದರಲ್ಲಿ ಸಂದೇಹವಿಲ್ಲ.

ಈ ಲಕ್ಷಣದ ಬಲವನ್ನು ಪರೀಕ್ಷಿಸಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಗಾಣದಂಗಡಿಯ ಎಣ್ಣೆಗಳನ್ನೇ ಈ ಕೋಲಿನಿಂದ ಅಳೆದು ನೋಡೋಣ. ಹರಳೆಣ್ಣೆಯ ಸಾಪೇಕ್ಷ ಸಾಂದ್ರತೆ ಸುಮಾರು 0.96, ಡಿಗ್ರಿ 16ರ ಹತ್ತಿರ. ಹೊಂಗೆ ಎಣ್ಣೆಯದು ಸುಮಾರು 0.93, ಡಿಗ್ರಿ 20ಕ್ಕೆ ತುಸು ಮೇಲೆ. ಕೊಬ್ಬರಿ ಎಣ್ಣೆಯದು 0.92ರ ಆಸುಪಾಸು, ಎಂದರೆ ಸರಿಯಾಗಿ ಗಡಿಗೆರೆಯ ಮೇಲೆ. ಕಡಲೆಕಾಯಿ ಎಣ್ಣೆ ಗೆರೆಯಿಂದ ತುಸು ಆಚೆಗೆ. ಹೀಗೆ ಹರಳೆಣ್ಣೆಯೂ ಹೊಂಗೆ ಎಣ್ಣೆಯೂ ಭಾರತೈಲಗಳಾಗಿ ವೆನೆಜುವೆಲಾ ದೇಶದ ಕರಿಯೆಣ್ಣೆಗಳ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತವೆ. ಕೊಬ್ಬರಿ ಎಣ್ಣೆ ಬಾಗಿಲಲ್ಲಿ ನಿಲ್ಲುತ್ತದೆ. ಗಾಣದ ಎಣ್ಣೆಗಳನ್ನು ಕಲ್ಲೆಣ್ಣೆಯ ಕೋಲಿನಿಂದ ಅಳೆಯುವುದು ನ್ಯಾಯವಲ್ಲವೆಂದು ಆಕ್ಷೇಪಿಸಬಹುದು. ನ್ಯಾಯವಲ್ಲವೆಂಬುದು ನಿಜ, ಆದರೆ ಏಕೆ ನ್ಯಾಯವಲ್ಲವೆಂದು ಕೇಳಿದರೆ, ಅವುಗಳ ಸಂಯೋಜನೆ ಬೇರೆ ಎಂದೇ ಉತ್ತರಿಸಬೇಕಾಗುತ್ತದೆ. ಅದೇ ಉತ್ತರವು ಕಲ್ಲೆಣ್ಣೆಗಳ ತಮ್ಮತಮ್ಮೊಳಗಿನ ಭೇದಕ್ಕೂ ಅನ್ವಯಿಸಬೇಕೆಂಬುದು ನಮ್ಮ ವಾದ.

ಇಲ್ಲಿ ಕನ್ನಡದ ಮಾತುಗಾರಿಕೆಯನ್ನು ಸ್ವಲ್ಪ ಗಮನಿಸುವುದು ಉಚಿತ. ಮಾಗಿಯ ಬೆಳಗ್ಗೆ ಗುಂಡ್ಲುಪೇಟೆಯ ಮನೆಗಳಲ್ಲಿ ಕೊಬ್ಬರಿ ಎಣ್ಣೆ ‘ಹೆಪ್ಪುಗಟ್ಟಿದೆ’ ಎನ್ನುತ್ತಾರೆ. ಹರಳೆಣ್ಣೆಯನ್ನು ಕುರಿತು ಹಾಗೆ ಯಾರೂ ಹೇಳುವುದಿಲ್ಲ. ಅದು ‘ಮಂದ’ ಎನ್ನುತ್ತಾರೆ. ಹೆಪ್ಪುಗಟ್ಟಿದ್ದು ಬಿಸಿಲು ಕಂಡೊಡನೆ ನೀರಾಗುತ್ತದೆ. ಮಂದವಾದದ್ದು ಬಿಸಿಲಿನಲ್ಲಿಯೂ ತನ್ನ ಮಂದತೆಯನ್ನು ಪೂರ್ತಿ ಬಿಡುವುದಿಲ್ಲ. ಎರಡಕ್ಕೂ ರಾಸಾಯನಿಕ ಕಾರಣಗಳು ಬೇರೆಬೇರೆ. ಕೊಬ್ಬರಿ ಎಣ್ಣೆಯಲ್ಲಿ ಲಾರಿಕ್ ಮುಂತಾದ ಪರ್ಯಾಪ್ತ ಆಮ್ಲಗಳ ನೇರವಾದ ಸರಪಳಿಗಳು ಒಂದರ ಪಕ್ಕದಲ್ಲೊಂದು ಸೌದೆ ಜೋಡಿಸಿದಂತೆ ಕೂಡಿಕೊಂಡು ಹರಳಾಗುತ್ತವೆ. ಹರಳೆಣ್ಣೆಯ ರಿಸಿನೋಲಿಕ್ ಆಮ್ಲದಲ್ಲಾದರೋ ಒಂದೊಂದು ಸರಪಳಿಗೂ ಒಂದು ಹೈಡ್ರಾಕ್ಸಿಲ್ ಗುಂಪು ಕೊಕ್ಕೆಯಂತೆ ಅಂಟಿಕೊಂಡಿದ್ದು, ಅಣುಗಳು ಪರಸ್ಪರ ಸಿಕ್ಕಿಕೊಂಡು ಹರಿವಿಗೆ ಅಡ್ಡಿಮಾಡುತ್ತವೆ. ಆಡುಮಾತು ಎರಡು ಶಬ್ದಗಳಿಂದ ಬೇರ್ಪಡಿಸಿರುವ ಈ ಎರಡು ಸಂಗತಿಗಳನ್ನು ನಮ್ಮ ಪಾಠಗಳು ‘ಗಟ್ಟಿಯಾದ ಭಾರತೈಲ’ ಎಂಬ ಒಂದೇ ನುಡಿಗಟ್ಟಿನಲ್ಲಿ ಬೆರೆಸಿಬಿಡುತ್ತವೆ. ‘ಸ್ನಿಗ್ಧತೆ’ ಎಂಬ ಪಾರಿಭಾಷಿಕ ಶಬ್ದವೂ ನೆರವಿಗೆ ಬರುವುದಿಲ್ಲ. ಸ್ನಿಗ್ಧವೆಂದರೆ ಜಿಡ್ಡಾದದ್ದು, ಎಣ್ಣೆಯಂಥದು ಎಂದೇ ಅರ್ಥವಿರುವಾಗ, ಎಣ್ಣೆಯ ಸ್ನಿಗ್ಧತೆಯನ್ನು ಅಳೆಯುವುದೆಂದರೆ ಎಣ್ಣೆಯ ಎಣ್ಣೆತನವನ್ನು ಅಳೆದಂತಾಯಿತು. ಶಬ್ದವು ಈಗ ರೂಢವಾಗಿರುವುದರಿಂದ ನಾವೂ ಅದನ್ನೇ ಬಳಸುತ್ತೇವೆ; ಆದರೆ ಮಂದತೆ ಎಂಬ ಅಚ್ಚಗನ್ನಡದ ಬಳಕೆಗೆ ಹೆಚ್ಚು ಖಚಿತತೆಯಿತ್ತೆಂದು ಹೇಳದಿರಲಾರೆವು.

ಹೆಪ್ಪು ಮತ್ತು ಮಂದತೆಗಳ ಈ ಭೇದವು ಭಾರತದ ತೈಲಕ್ಷೇತ್ರಗಳಲ್ಲಿಯೇ ಸ್ಫುಟವಾಗಿ ಕಾಣುತ್ತದೆ. ರಾಜಸ್ಥಾನದ ಬಾರ್ಮೇರ್ ಪ್ರದೇಶದಲ್ಲಿ 2004ರಲ್ಲಿ ಪತ್ತೆಯಾಗಿ 2009ರಲ್ಲಿ ಉತ್ಪಾದನೆಗೆ ಬಂದ ಮಂಗಳಾ ಕ್ಷೇತ್ರದ ಎಣ್ಣೆ ಸುಮಾರು 27 ಡಿಗ್ರಿಯದು; ಕೋಲಿನ ಪ್ರಕಾರ ಅದು ಮಧ್ಯಮವೇ ಹೊರತು ಭಾರವಲ್ಲ. ಆದರೂ ಮೇಣದ ಅಂಶ ಅಧಿಕವಾದ್ದರಿಂದ ಸಾಮಾನ್ಯ ಹವೆಯಲ್ಲಿ ಅದು ಹೆಪ್ಪುಗಟ್ಟಿಬಿಡುತ್ತದೆ. ಅದನ್ನು ಗುಜರಾತಿನ ಕರಾವಳಿಗೆ ಸಾಗಿಸಲು 600 ಕಿಲೋಮೀಟರಿಗೂ ಮಿಕ್ಕಿದ ಕೊಳವೆಮಾರ್ಗವನ್ನು ಉದ್ದಕ್ಕೂ ಬಿಸಿಯಾಗಿಟ್ಟಿರಬೇಕಾಯಿತು. ಗುಜರಾತಿನ ಮೆಹಸಾಣಾ ಭಾಗದ ಬಾಲೋಲ್, ಸಾಂಥಾಲ್ ಕ್ಷೇತ್ರಗಳ ಎಣ್ಣೆಯಾದರೋ 15ರಿಂದ 18 ಡಿಗ್ರಿಯವರೆಗಿನದು. ನಿಜವಾಗಿಯೂ ಭಾರವಾದದ್ದು, ಆಸ್ಫಾಲ್ಟಿನ ಸ್ವಭಾವದ್ದು. ಅದು ಮೇಣದಿಂದ ಹೆಪ್ಪುಗಟ್ಟುವುದಲ್ಲ, ಹರಳೆಣ್ಣೆಯಂತೆ ಮಂದವಾದದ್ದು. ಅಲ್ಲಿ 1990ರ ದಶಕದಲ್ಲಿ ಅನುಸರಿಸಿದ ಉಪಾಯವೇ ಬೇರೆ: ಬಾವಿಗಳೊಳಕ್ಕೆ ಗಾಳಿಯನ್ನು ಒತ್ತಿ, ನೆಲದೊಳಗೇ ಎಣ್ಣೆಯ ಒಂದಂಶವನ್ನು ಉರಿಸಿ, ಆ ಕಾವಿನಿಂದ ಉಳಿದದ್ದನ್ನು ಹರಿಯುವಂತೆ ಮಾಡಿದರು. ರೋಗಲಕ್ಷಣವೊಂದೇ, ಎಣ್ಣೆ ಹರಿಯಲೊಲ್ಲದು. ಮದ್ದು ಮಾತ್ರ ಎರಡು, ಮತ್ತು ಆ ಎರಡರ ಭೇದವನ್ನು ತೇಲುಬುರುಡೆ ಹೇಳಲಿಲ್ಲ.

ಡಿಗ್ರಿ ಒಂದೇ ಆಗಿದ್ದು ದ್ರವ್ಯ ಬೇರೆಯಾಗಿರುವ ನಿದರ್ಶನಗಳು ಇನ್ನೂ ಬಲವತ್ತರವಾದವು. ಇಂಡೋನೇಷಿಯಾದ ದುರಿ ಎಣ್ಣೆಯೂ ಮೆಕ್ಸಿಕೋದ ಮಾಯಾ ಎಣ್ಣೆಯೂ 21 ಡಿಗ್ರಿಯ ಆಸುಪಾಸಿನವು. ಕೋಲಿನ ಕಣ್ಣಿಗೆ ಅವಳಿಜವಳಿಗಳು. ದುರಿಯಲ್ಲಿ ಗಂಧಕ ನೂರಕ್ಕೆ 0.2ರಷ್ಟು, ಮಾಯಾದಲ್ಲಿ 3ಕ್ಕೂ ಹೆಚ್ಚು. ದುರಿಯಲ್ಲಿ ನಿಕ್ಕಲ್ ಮುಂದು, ವೆನೇಡಿಯಂ ಲೇಶಮಾತ್ರ. ಮಾಯಾದಲ್ಲಿ ವೆನೇಡಿಯಮ್ಮೇ ಯಜಮಾನ, ಆಸ್ಫಾಲ್ಟೀನುಗಳೂ ಯಥೇಚ್ಛ. ಮೊದಲನೆಯದರಲ್ಲಿ ಹೆಚ್ಚಾಗಿರುವ ನಾಫ್ತೀನಿಕ್ ಆಮ್ಲಗಳು ಸಂಸ್ಕರಣಾಗಾರದ ಕಬ್ಬಿಣವನ್ನು ತಿನ್ನುತ್ತವೆ. ಎರಡನೆಯದರಲ್ಲಿರುವ ಲೋಹಗಳು ವೇಗವರ್ಧಕಗಳನ್ನು ಕೆಡಿಸುತ್ತವೆ. ಒಂದನ್ನು ಬಟ್ಟಿಯಿಳಿಸಲು ಕಟ್ಟಿದ ಕಾರ್ಖಾನೆಗೆ ಇನ್ನೊಂದನ್ನು ಹಾಗೆಯೇ ಊಡಿಸಲಾಗುವುದಿಲ್ಲ. ಇಂಥ ಎರಡು ವಸ್ತುಗಳನ್ನು ಒಂದೇ ಹೆಸರಿನಲ್ಲಿ ಇರಿಸುವ ವಿಂಗಡಣೆಯು ಲೆಕ್ಕದ ಪುಸ್ತಕಕ್ಕೆ ಅನುಕೂಲವಾಗಿರಬಹುದು. ಅದಕ್ಕೆ ಶಾಸ್ತ್ರವೆಂಬ ಮರ್ಯಾದೆ ಸಲ್ಲಲಾರದು.

ಎಣ್ಣೆಯು ಭಾರವಾಗುವುದು ಹೇಗೆಂಬುದನ್ನು ನೋಡಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಅನೇಕ ಭಾರತೈಲಗಳು ಹುಟ್ಟಿನಿಂದ ಭಾರವಾದವಲ್ಲ. ಸುಮಾರು 80 ಡಿಗ್ರಿ ಸೆಂಟಿಗ್ರೇಡಿಗಿಂತ ತಂಪಾದ, ಮೇಲುಮೇಲಿನ ಪದರಗಳಿಗೆ ಏರಿಬಂದ ಎಣ್ಣೆಯನ್ನು ಸೂಕ್ಷ್ಮಜೀವಿಗಳು ಮೇಯುತ್ತವೆ. ಆ ಮೇವಿನಲ್ಲಿ ಒಂದು ಕ್ರಮವಿದೆ. ಮೊದಲು ನೇರ ಸರಪಳಿಯ ಪ್ಯಾರಾಫಿನುಗಳು ಹೋಗುತ್ತವೆ, ಬಳಿಕ ಕವಲುಸರಪಳಿಗಳು, ಉಂಗುರಗಳುಳ್ಳ ಸ್ಟೆರೇನ್, ಹೋಪೇನ್ ಜಾತಿಯವು ಬಹುಕಾಲ ತಡೆದು ನಿಲ್ಲುತ್ತವೆ. ಹಗುರವಾದದ್ದು ಹೋದಂತೆ ಗಂಧಕ, ಸಾರಜನಕ, ಆಮ್ಲಜನಕಗಳನ್ನು ಹೊತ್ತ ದೊಡ್ಡ ಅಣುಗಳ ಪಾಲು ಏರುತ್ತದೆ, ಆಮ್ಲತೆಯೂ ಹೆಚ್ಚುತ್ತದೆ. ಕೆನಡಾದ ಅಥಬಾಸ್ಕಾ ಮರಳಿನ ಎಣ್ಣೆ ಹೀಗೆ ಮೇದು ಉಳಿದ ಶೇಷ. ಇನ್ನು ಕೆಲವು ಎಣ್ಣೆಗಳು ಗಂಧಕ ತುಂಬಿದ ಸಾಗರಜನ್ಯ ಮೂಲಶಿಲೆಗಳಿಂದ, ಪೂರ್ತಿ ಪಾಕವಾಗುವ ಮೊದಲೇ ಹೊರಬಿದ್ದು, ಹುಟ್ಟಿನಿಂದಲೇ ಭಾರವಾಗಿರುತ್ತವೆ. ಮುಪ್ಪಿನಿಂದ ಬಂದ ಭಾರ, ಎಳೆತನದ ಭಾರ ಎಂದು ಇವೆರಡನ್ನು ಕರೆಯಬಹುದು. 1978ರಲ್ಲಿ ಪ್ರಕಟವಾದ ಟಿಸೊ ಮತ್ತು ವೆಲ್ಟೆ ಅವರ ಗ್ರಂಥದಲ್ಲಿ ಕಚ್ಚಾತೈಲಗಳನ್ನು ಸಂಯೋಜನೆಯಿಂದಲೇ ಆರು ವರ್ಗಗಳಾಗಿ ವಿಂಗಡಿಸಿ, ಭಾರವಾದವುಗಳೊಳಗೆ ಗಂಧಕ ಕಡಿಮೆಯಾದ ಆರೋಮ್ಯಾಟಿಕ್-ನಾಫ್ತೀನಿಕ್ ವರ್ಗವನ್ನೂ ಗಂಧಕ ಹೆಚ್ಚಾದ ಆರೋಮ್ಯಾಟಿಕ್-ಆಸ್ಫಾಲ್ಟಿಕ್ ವರ್ಗವನ್ನೂ ಬೇರ್ಪಡಿಸಿದುದು ಈ ದೃಷ್ಟಿಯಿಂದ ಬಹಳ ದೊಡ್ಡ ಹೆಜ್ಜೆ. ಅದಾಗಿ ಅರ್ಧಶತಮಾನ ಸಮೀಪಿಸುತ್ತಿದ್ದರೂ ನಮ್ಮ ಪದವಿ ತರಗತಿಗಳ ಪಾಠ ತೇಲುಬುರುಡೆಯನ್ನು ದಾಟಿಲ್ಲವೆಂಬುದು ಖೇದದ ಸಂಗತಿ.

ಈಗ ಪ್ರಯೋಗಶಾಲೆಗಳಲ್ಲಿ ಸಾಮಾನ್ಯವಾಗಿ ನಡೆಯುವ ವಿಶ್ಲೇಷಣೆಯು ಭಾರತೈಲವನ್ನು ನಾಲ್ಕು ಭಾಗ ಮಾಡುತ್ತದೆ: ಪರ್ಯಾಪ್ತಗಳು, ಆರೋಮ್ಯಾಟಿಕ್‌ಗಳು, ರಾಳಗಳು, ಆಸ್ಫಾಲ್ಟೀನುಗಳು. ಎಣ್ಣೆಗೆ ಹೆಪ್ಟೇನನ್ನು ಬೆರೆಸಿದಾಗ ಕಪ್ಪು ಪುಡಿಯಾಗಿ ತಳಕ್ಕಿಳಿಯುವುದೂ ಟಾಲ್ವೀನಿನಲ್ಲಿ ಕರಗುವುದೂ ಆಸ್ಫಾಲ್ಟೀನು. ಮಿಕ್ಕದ್ದನ್ನು ಸಿಲಿಕಾ ಅಥವಾ ಅಲ್ಯೂಮಿನಾ ತುಂಬಿದ ಗಾಜಿನ ನಳಿಗೆಯಲ್ಲಿ ಹಾಯಿಸಿ ಉಳಿದ ಮೂರನ್ನು ಬೇರ್ಪಡಿಸುತ್ತಾರೆ. ರಾಳಗಳು ಆಸ್ಫಾಲ್ಟೀನುಗಳನ್ನು ಸುತ್ತುವರಿದು ಎಣ್ಣೆಯಲ್ಲಿ ತೇಲಿಸಿಡುತ್ತವೆ ಎಂಬುದು ಬಹುಕಾಲದಿಂದ ಬಂದ ಕಲ್ಪನೆ. ಡಿಗ್ರಿಯೊಂದಕ್ಕೆ ಹೋಲಿಸಿದರೆ ಈ ನಾಲ್ಕು ಸಂಖ್ಯೆಗಳು ಎಷ್ಟೋ ಹೆಚ್ಚು ಮಾತನಾಡುತ್ತವೆ. ಮೆಹಸಾಣಾದ ಎಣ್ಣೆಗೂ ಬಾರ್ಮೇರಿನ ಎಣ್ಣೆಗೂ ಇರುವ ಅಂತರ ಇವುಗಳಲ್ಲಿ ಒಡನೆಯೇ ಬಯಲಾಗುತ್ತದೆ.

ಆದರೆ ಸಂಯೋಜನೆಯ ಪಕ್ಷವನ್ನು ವಹಿಸಿದ ಮಾತ್ರಕ್ಕೆ ನಾವು ಈ ನಾಲ್ಕು ಭಾಗಗಳನ್ನು ವಿಮರ್ಶೆಯಿಂದ ಹೊರಗಿಡಲಾಗದು. ಆಸ್ಫಾಲ್ಟೀನು ಎಂಬ ಹೆಸರನ್ನು ಫ್ರಾನ್ಸಿನ ಬುಸ್ಸಿಂಗೋ 1837ರಲ್ಲಿ ಬಿಟುಮೆನ್ನಿನ ಪರಿಶೀಲನೆಯಲ್ಲಿ ಬಳಕೆಗೆ ತಂದನು. ಅಂದಿನಿಂದ ಇಂದಿನವರೆಗೂ ಅದು ಒಂದು ರಾಸಾಯನಿಕ ವಸ್ತುವಿನ ಹೆಸರಾಗಿಲ್ಲ. ಯಾವುದರಲ್ಲಿ ಕರಗುತ್ತದೆ, ಯಾವುದರಲ್ಲಿ ಕರಗುವುದಿಲ್ಲ ಎಂಬ ನಡತೆಯ ಹೆಸರಾಗಿಯೇ ಉಳಿದಿದೆ. ಹೆಪ್ಟೇನಿನ ಬದಲು ಪೆಂಟೇನನ್ನು ಬಳಸಿದರೆ ಅದೇ ಎಣ್ಣೆಯಿಂದ ಹೆಚ್ಚು ಆಸ್ಫಾಲ್ಟೀನು ಹೊರಬರುತ್ತದೆ. ಎಣ್ಣೆ ಬದಲಾಗಲಿಲ್ಲ, ದ್ರಾವಕ ಬದಲಾಯಿತು. ಸಂಖ್ಯೆ ಮಾತ್ರ ಬೇರೆಯಾಯಿತು. ರಾಳಗಳ ಪಾಡೂ ಇದೇ. ನಳಿಗೆಯಲ್ಲಿ ತುಂಬಿದ್ದು ಏನೆಂಬುದರ ಮೇಲೆ ಅವುಗಳ ಪ್ರಮಾಣ ಏರಿಳಿಯುತ್ತದೆ. ಆದುದರಿಂದ ಒಂದು ಪ್ರಯೋಗಶಾಲೆಯ ಕೋಷ್ಟಕವನ್ನು ಇನ್ನೊಂದರ ಕೋಷ್ಟಕದ ಪಕ್ಕದಲ್ಲಿಟ್ಟು ತೀರ್ಪು ಕೊಡುವವರು ಮೊದಲು ವಿಧಾನವನ್ನು ಕೇಳಬೇಕು. ವಿಧಾನವನ್ನು ನಮೂದಿಸದ ಕೋಷ್ಟಕಗಳನ್ನು ಉದ್ಧರಿಸುವ ಪ್ರಬಂಧಗಳನ್ನು ಪರೀಕ್ಷಕರು ಹಿಂದಿರುಗಿಸುವುದು ಒಳ್ಳೆಯ ಪದ್ಧತಿಯಾದೀತು. ಈಗಿನ ಅತಿಸೂಕ್ಷ್ಮ ದ್ರವ್ಯರಾಶಿ-ರೋಹಿತಮಾಪನದಿಂದ ಒಂದು ಹನಿ ಭಾರತೈಲದಲ್ಲಿ ಹತ್ತಾರು ಸಾವಿರ ಅಣುಸೂತ್ರಗಳನ್ನು ಗುರುತಿಸುತ್ತಾರೆ. ಆದರೆ ಹತ್ತಾರು ಸಾವಿರ ಹೆಸರುಗಳ ಪಟ್ಟಿ ಕೂಡ ವಿಂಗಡಣೆಯಲ್ಲ. ಒಂದೇ ಸಂಖ್ಯೆಯ ಬಡತನಕ್ಕೂ ಅಸಂಖ್ಯ ಸಂಖ್ಯೆಗಳ ಗೊಂದಲಕ್ಕೂ ನಡುವೆ ನಿಲ್ಲತಕ್ಕ ಕೆಲವೇ ಲಕ್ಷಣಗಳನ್ನು ಆರಿಸುವುದರಲ್ಲಿಯೇ ವಿಮರ್ಶಕನ ಕೆಲಸವಿದೆ.

ಅಂಥ ಲಕ್ಷಣಗಳಲ್ಲಿ ಲೋಹಗಳದು ವಿಶೇಷ ಸ್ಥಾನ. ಜರ್ಮನಿಯ ಆಲ್ಫ್ರೆಡ್ ಟ್ರೈಬ್ಸ್ 1934ರಲ್ಲಿ ಕಲ್ಲೆಣ್ಣೆಯೊಳಗೆ ಪಾರ್ಫಿರಿನ್‌ಗಳನ್ನು ಕಂಡು, ಅವು ಪತ್ರಹರಿತ್ತಿನ ಸಂತತಿಯೆಂದು ಸಾಧಿಸಿದನು. ಎಲೆಯ ಹಸುರಿನಲ್ಲಿ ಮೆಗ್ನೀಸಿಯಂ ಕುಳಿತಿದ್ದ ಉಂಗುರದ ನಡುಮನೆಯಲ್ಲಿ ಎಣ್ಣೆಯೊಳಗೆ ವೆನೇಡಿಯಮ್ಮೋ ನಿಕ್ಕಲೋ ವಾಸವಾಗಿರುತ್ತದೆ. ಗಾಳಿಯಾಡದ, ಗಂಧಕಯುಕ್ತವಾದ ಸಾಗರತಳದಲ್ಲಿ ಹುಟ್ಟಿದ ಎಣ್ಣೆಗಳಲ್ಲಿ ವೆನೇಡಿಯಂ ಮುಂದಾಗುತ್ತದೆ; ಸರೋವರಗಳ ಕೆಸರಿನಲ್ಲಿ ಹುಟ್ಟಿದವುಗಳಲ್ಲಿ ನಿಕ್ಕಲ್ ಮುಂದಾಗುತ್ತದೆ. ಈ ಎರಡರ ಅನುಪಾತವನ್ನು ಸೂಕ್ಷ್ಮಜೀವಿಗಳು ಮೇದರೂ ಸುಲಭವಾಗಿ ಅಳಿಸಲಾರವು. ಎಣ್ಣೆ ಎಷ್ಟೇ ಮುಪ್ಪಾಗಿದ್ದರೂ ಕುಲವನ್ನು ಕೇಳಬಹುದು. ವೆನೆಜುವೆಲಾದ ಬೊಸ್ಕಾನ್ ಎಣ್ಣೆಯಲ್ಲಿ ವೆನೇಡಿಯಂ ಹತ್ತು ಲಕ್ಷ ಭಾಗಕ್ಕೆ 1000 ಭಾಗಗಳನ್ನು ಮೀರುತ್ತದೆ. ಅದನ್ನು ಬೇರೊಂದು ಎಣ್ಣೆಯೆಂದು ಮಾರುವುದು ಕಷ್ಟ.

ಇನ್ನು ನಮ್ಮ ರಸ್ತೆಗಳ ವಿಚಾರಕ್ಕೆ ಬರೋಣ. ಮೊದಲಿಗೆ ಶಬ್ದದ ಒಂದು ತೊಡಕನ್ನು ನಿವಾರಿಸಬೇಕು. ನಮ್ಮ ಜನ ಡಾಮರೆಂದು ಕರೆಯುವುದು ಎರಡು ಬೇರೆ ವಸ್ತುಗಳನ್ನು: ಕಲ್ಲಿದ್ದಲನ್ನು ಮುಚ್ಚಿದ ಕುಲುಮೆಯಲ್ಲಿ ಕಾಯಿಸಿದಾಗ ಬರುವ ಕೋಲ್‌ಟಾರು ಒಂದು, ಕಚ್ಚಾತೈಲವನ್ನು ಬಟ್ಟಿಯಿಳಿಸಿದ ಮೇಲೆ ತಳದಲ್ಲಿ ಉಳಿಯುವ ಬಿಟುಮೆನ್ ಇನ್ನೊಂದು. ಎರಡರ ಸಂಯೋಜನೆಯೂ ಬೇರೆ, ಮೂಲವೂ ಬೇರೆ. ಈಗಿನ ಹೆದ್ದಾರಿಗಳಲ್ಲಿರುವುದು ಎರಡನೆಯದು.

ಈ ಬಿಟುಮೆನ್ನಿನ ಗುಣವನ್ನು ನಿಗದಿಮಾಡುವ ಭಾರತೀಯ ಮಾನಕವು ಐ.ಎಸ್. 73 ಎಂಬುದು. ಇದನ್ನು ಒಂದು ಗ್ರಂಥದಂತೆ, ಪರಿಷ್ಕರಣದಿಂದ ಪರಿಷ್ಕರಣಕ್ಕೆ ಹೋಲಿಸಿ ಓದುವವರು ವಿರಳ, ಓದಿದರೆ ಫಲವುಂಟು. 1992ರ ಪರಿಷ್ಕರಣದಲ್ಲಿ ಅಸ್ಸಾಮಿನ ಕಚ್ಚಾತೈಲದಿಂದ ಬಂದ ಬಿಟುಮೆನ್ನಿಗೆ ‘ಎ’ ಎಂಬ ಅಕ್ಷರವನ್ನೂ ಇತರ ಮೂಲಗಳಿಂದ ಬಂದದ್ದಕ್ಕೆ ‘ಎಸ್’ ಎಂಬ ಅಕ್ಷರವನ್ನೂ ಸೇರಿಸಿ, ಎ 90, ಎಸ್ 65 ಎಂಬಂತೆ ದರ್ಜೆಗಳನ್ನು ಹೆಸರಿಸುತ್ತಿದ್ದರು. ಅಕ್ಷರದ ಮುಂದಿನ ಸಂಖ್ಯೆಯು ಸೂಜಿಯೊಂದು ಎಷ್ಟು ಆಳಕ್ಕೆ ಇಳಿಯುವುದೆಂಬ ಅಳತೆ. ಸಂಖ್ಯೆ ನಡತೆಯನ್ನು ಹೇಳುತ್ತಿತ್ತು, ಅಕ್ಷರ ಕುಲವನ್ನು ಹೇಳುತ್ತಿತ್ತು. 1889ರಲ್ಲಿ ಡಿಗ್ಬಾಯಿಯಲ್ಲಿ ಬಾವಿ ಎಣ್ಣೆ ಕಂಡಂದಿನಿಂದಲೂ ಅಸ್ಸಾಮಿನ ಎಣ್ಣೆ ಮೇಣಕ್ಕೆ ಹೆಸರಾದದ್ದು. ಆ ಒಂದಕ್ಷರವನ್ನು ಕಂಡ ಎಂಜಿನಿಯರು ತನ್ನ ಎಚ್ಚರಿಕೆಯಲ್ಲಿ ತಾನಿರಬಹುದಾಗಿತ್ತು. 2006ರ ಪರಿಷ್ಕರಣದಲ್ಲಿ ಸೂಜಿಯ ದರ್ಜೆಗಳು ಹೋಗಿ ಸ್ನಿಗ್ಧತೆಯ ದರ್ಜೆಗಳು ಬಂದವು: ವಿ.ಜಿ. 10, 20, 30, 40. ಜೊತೆಯಲ್ಲಿ ಅಕ್ಷರಗಳೂ ಹೋದವು. 2013ರ ಪರಿಷ್ಕರಣವು ಸ್ನಿಗ್ಧತೆಗೆ ಮೇಲುಮಿತಿಯನ್ನೂ ಕಟ್ಟಿ, ವಿ.ಜಿ. 30ಕ್ಕೆ 60 ಡಿಗ್ರಿ ಸೆಂಟಿಗ್ರೇಡಿನಲ್ಲಿ 2400ರಿಂದ 3600 ಪಾಯ್ಸ್ ಎಂದು ಗೊತ್ತುಮಾಡಿತು. ಕುಲದ ವಿಚಾರವನ್ನು ಮತ್ತೆ ಎತ್ತಲಿಲ್ಲ.

ಸ್ನಿಗ್ಧತೆಗೆ ಬಂದದ್ದು ಒಂದು ದೃಷ್ಟಿಯಿಂದ ಮುನ್ನಡೆಯೇ. ಸೂಜಿಯ ಅಳತೆ ಅನುಭವಜನ್ಯವಾದದ್ದು. ಸ್ನಿಗ್ಧತೆಗೆ ಭೌತಶಾಸ್ತ್ರದ ನಿಜವಾದ ಮಾನವಿದೆ. ಆದರೆ ಅಳೆಯುವ ತಾಪಗಳನ್ನು ಗಮನಿಸಬೇಕು: ಒಂದು 60 ಡಿಗ್ರಿ, ಇನ್ನೊಂದು 135 ಡಿಗ್ರಿ. ಎರಡರಲ್ಲಿಯೂ ಮೇಣವು ಬಹುಮಟ್ಟಿಗೆ ಕರಗಿದ ಸ್ಥಿತಿಯಲ್ಲಿರುತ್ತದೆ. ಬೇಸಗೆಯ ಮಧ್ಯಾಹ್ನದ ರಸ್ತೆಯನ್ನು, ಬಾಣಲೆಯಲ್ಲಿ ಬೆರೆಸುವ ಹೊತ್ತನ್ನು ಇವು ಪ್ರತಿನಿಧಿಸುತ್ತವೆ; ಬಂಡೀಪುರದ ಕಾಡಿನಂಚಿನ ಮಾಗಿಯ ರಾತ್ರಿಯನ್ನು ಪ್ರತಿನಿಧಿಸುವುದಿಲ್ಲ. ಕೊಬ್ಬರಿ ಎಣ್ಣೆಯನ್ನೂ ಕಡಲೆಕಾಯಿ ಎಣ್ಣೆಯನ್ನೂ ಒಲೆಯ ಮೇಲಿಟ್ಟು ಹೋಲಿಸಿದರೆ ಯಾವುದು ಬೆಳಗಿನ ಜಾವ ಹೆಪ್ಪುಗಟ್ಟುವುದೆಂದು ತಿಳಿಯಲಾರದಷ್ಟೆ. ಮೇಣವು ಹರಳಾದಾಗ ಬಿಟುಮೆನ್ ಪೆಡಸಾಗಿ ಬಿರುಕು ಬಿಡುತ್ತದೆ. ಕರಗಿದಾಗ ಒಮ್ಮೆಗೇ ಮೆತ್ತಗಾಗಿ ಚಕ್ರದ ಜಾಡು ಬೀಳುತ್ತದೆ. ಮಾನಕದ ಪಕ್ಷದಲ್ಲಿಯೂ ಹೇಳಬೇಕಾದ ಮಾತುಂಟು: 25 ಡಿಗ್ರಿಯಲ್ಲಿ ಸೂಜಿ ಇಳಿಯಬೇಕಾದ ಕನಿಷ್ಠ ಆಳವನ್ನು ಅದು ಇನ್ನೂ ಉಳಿಸಿಕೊಂಡಿದೆ, ಮೃದುವಾಗುವ ತಾಪವನ್ನೂ ಕೇಳುತ್ತದೆ. ಅತಿಯಾದ ಪೆಡಸುತನವು ಇಲ್ಲಿ ಒಂದಿಷ್ಟು ಸಿಕ್ಕಿಬೀಳುತ್ತದೆ. ಕಾರಣ ಮಾತ್ರ ಸಿಕ್ಕಿಬೀಳುವುದಿಲ್ಲ.

ರಸ್ತೆಯಲ್ಲಿ ಬಿಟುಮೆನ್ ಒಂಟಿಯಾಗಿರುವುದಿಲ್ಲ, ಜಲ್ಲಿಯೊಡನೆ ಇರುತ್ತದೆ ಎಂಬುದು ಇದಕ್ಕಿಂತಲೂ ಮುಖ್ಯವಾದ ಸಂಗತಿ. ಇಲ್ಲಿ ಚಾಮರಾಜನಗರದ ಕಲ್ಲು ಪ್ರವೇಶಿಸುತ್ತದೆ. ನೈಸ್ ಶಿಲೆಯಲ್ಲಿ ಬೆಣಚು, ಫೆಲ್ಡ್‌ಸ್ಪಾರ್‌ಗಳು ಅಧಿಕ. ಇಂಥ ಸಿಲಿಕಾಭರಿತವಾದ ಕಲ್ಲಿನ ಮೈಗೆ ಎಣ್ಣೆಗಿಂತ ನೀರೇ ಹೆಚ್ಚು ಪ್ರಿಯ. ನೀರು ನಿಂತರೆ ಬಿಟುಮೆನ್ನಿನ ಪೊರೆ ಕಳಚುತ್ತದೆ. ಡಾಲರೈಟಿನಲ್ಲಿ ಸಿಲಿಕಾ ಕಡಿಮೆ, ಸುಣ್ಣ ಮೆಗ್ನೀಸಿಯ ಕಬ್ಬಿಣಗಳು ಹೆಚ್ಚು. ಪೊರೆ ಸಾಮಾನ್ಯವಾಗಿ ಭದ್ರ. ಆದರೆ ಕಳಚುವುದೂ ಕಳಚದಿರುವುದೂ ಕಲ್ಲೊಂದರ ಗುಣವಲ್ಲ. ಬಿಟುಮೆನ್ನಿನೊಳಗಿನ ಕಾರ್ಬಾಕ್ಸಿಲಿಕ್ ಆಮ್ಲಗಳು ಎಲ್ಲಕ್ಕಿಂತ ಮೊದಲು ಓಡಿಹೋಗಿ ಕಲ್ಲನ್ನು ಹಿಡಿಯುತ್ತವೆ, ನೀರು ಬಂದಾಗ ಎಲ್ಲಕ್ಕಿಂತ ಮೊದಲು ಕೈಬಿಡುತ್ತವೆ. ಸಾರಜನಕವನ್ನು ಹೊತ್ತ ಪ್ರತ್ಯಾಮ್ಲಗಳು, ಫೀನಾಲಿನ ಬಗೆಯವು ಹೆಚ್ಚುಕಾಲ ಹಿಡಿದಿರುತ್ತವೆ. ಈ ಆಮ್ಲ, ಪ್ರತ್ಯಾಮ್ಲಗಳು ಎಷ್ಟೆಷ್ಟು ಇರುತ್ತವೆಂಬುದು ಕಚ್ಚಾತೈಲದ ಕುಲವನ್ನೂ ಅದು ಪಟ್ಟ ಮುಪ್ಪನ್ನೂ ಅವಲಂಬಿಸಿದೆ. ಹಾಗಾಗಿ ಒಂದೇ ವಿ.ಜಿ. 30 ದರ್ಜೆಯ ಎರಡು ಬಿಟುಮೆನ್ನುಗಳು ಒಂದೇ ಕಲ್ಲುಗಣಿಯ ಜಲ್ಲಿಯ ಮೇಲೆ, ಒಂದೇ ಮಳೆಯಲ್ಲಿ ಬೇರೆಬೇರೆಯಾಗಿ ವರ್ತಿಸಬಹುದು. ಎರಡರ ಪರೀಕ್ಷಾಪತ್ರಗಳೂ ನಿರ್ದುಷ್ಟವಾಗಿರಬಹುದು. ಹಾದಿ ಕಿತ್ತುಹೋದಾಗ ಪತ್ರ ಸರಿಯಿದೆಯೆಂಬ ಕಾರಣದಿಂದ ಕೆಲಸಗಾರರ ಮೇಲೆ ಬೀಳುವ ದೋಷವೆಲ್ಲ ನ್ಯಾಯವಾದದ್ದೆಂದು ಹೇಳಲು ಬರುವಂತಿಲ್ಲ.

ಎರಡು ದ್ರವ್ಯಗಳ ಸಂಯೋಜನೆಗಳು ಮುಖಾಮುಖಿಯಾಗುವ ಸರಳವಾದ ಒಂದು ಪರೀಕ್ಷೆ ನಮ್ಮಲ್ಲಿಯೇ ಇದೆ. 1971ರ ಐ.ಎಸ್. 6241ರ ಪ್ರಕಾರ ಬಿಟುಮೆನ್ ಹಚ್ಚಿದ ಜಲ್ಲಿಯನ್ನು 40 ಡಿಗ್ರಿಯ ನೀರಿನಲ್ಲಿ 24 ಗಂಟೆ ಮುಳುಗಿಸಿಟ್ಟು, ಎಷ್ಟು ಪೊರೆ ಕಳಚಿತೆಂಬುದನ್ನು ಕಣ್ಣಂದಾಜಿನಿಂದ ಬರೆದುಕೊಳ್ಳುತ್ತಾರೆ. ಈ ಪರೀಕ್ಷೆಯ ಹೆಸರಿನಲ್ಲಿ ಕಲ್ಲಿನ ಮಾತಷ್ಟೇ ಇದೆ. ಫಲಿತಾಂಶ ಕೆಟ್ಟರೆ ಕಲ್ಲನ್ನು ದೂರುವುದು, ಇಲ್ಲವೆ ಸುಣ್ಣದ ಪುಡಿಯನ್ನೋ ಅಂಟುವರ್ಧಕವನ್ನೋ ಬೆರೆಸುವುದು ರೂಢಿ. ಅದೇ ಕಲ್ಲಿಗೆ ಬೇರೆ ಕುಲದ ಬಿಟುಮೆನ್ ಹಚ್ಚಿ ನೋಡೋಣವೆಂಬ ಯೋಚನೆಗೆ ಅವಕಾಶವಾಗುವುದಿಲ್ಲ. ಕುಲ ಯಾವುದೆಂಬುದನ್ನು ಪತ್ರ ಹೇಳುವುದೇ ಇಲ್ಲವಲ್ಲ.

ನಮ್ಮ ವಾದಕ್ಕೆ ಎದುರಾಗುವ ಪ್ರಬಲವಾದ ಆಕ್ಷೇಪವು ಸಂಸ್ಕರಣಾಗಾರಗಳ ಕಡೆಯಿಂದ ಬರತಕ್ಕದ್ದು. ಕರ್ನಾಟಕದಲ್ಲಿರುವ ಒಂದೇ ಸಂಸ್ಕರಣಾಗಾರವಾದ ಮಂಗಳೂರಿನದು 1996ರಲ್ಲಿ ಕಾರ್ಯಾರಂಭ ಮಾಡಿತು. ಹಡಗುಗಳಲ್ಲಿ ಅದಕ್ಕೆ ಬರುವ ಕಚ್ಚಾತೈಲ ಹಲವು ದೇಶಗಳದು, ಹಲವು ಕ್ಷೇತ್ರಗಳದು. ತೊಟ್ಟಿಗಳಲ್ಲಿ ಅವು ಬೆರೆತ ಮೇಲೆ ಎ, ಎಸ್ ಎಂಬ ಎರಡೇ ಅಕ್ಷರಗಳಿಂದ ಕುಲ ಹೇಳುವುದು ಹಾಸ್ಯಾಸ್ಪದವಾದೀತು. ಇದನ್ನು ನಾವು ಒಪ್ಪುತ್ತೇವೆ. ಅಕ್ಷರಗಳನ್ನು ಮರಳಿ ತರಬೇಕೆಂದು ನಾವು ಹೇಳುತ್ತಿಲ್ಲ. ಕುಲ ಬೆರೆತುಹೋಗಿರುವಾಗ ಕುಲದ ಬದಲು ದ್ರವ್ಯವನ್ನೇ ಕೇಳಬೇಕಾಗುತ್ತದೆ ಎಂಬುದು ಅದೇ ಆಕ್ಷೇಪದಿಂದ ಹೊರಡುವ ತೀರ್ಮಾನ. ಪ್ರತಿಯೊಂದು ತಂಡದ ಬಿಟುಮೆನ್ನಿನ ಪತ್ರದಲ್ಲಿ ನಾಲ್ಕು ಭಾಗಗಳ ಪ್ರಮಾಣ, ಅವನ್ನು ಬೇರ್ಪಡಿಸಿದ ವಿಧಾನ, ಮೇಣದ ಅಂಶ, ಆಮ್ಲಸಂಖ್ಯೆ ಇಷ್ಟನ್ನು ನಮೂದಿಸಿದರೆ ಸಾಕು. ಅವುಗಳಿಗೆ ಈಗಲೇ ಮಿತಿಗಳನ್ನು ಕಟ್ಟುವುದು ಬೇಡ. ಯಾವ ಮಿತಿ ಯುಕ್ತವೆಂದು ಹೇಳುವಷ್ಟು ಅನುಭವ ಕೂಡಿಬರಬೇಕಾದರೆ ಮೊದಲು ಸಂಖ್ಯೆಗಳು ಬರಹದಲ್ಲಿ ನಿಲ್ಲಬೇಕು. ಖರ್ಚಿನ ಮಾತೂ ಬರುತ್ತದೆ. ಒಂದು ಟ್ಯಾಂಕರಿಗೆ ಒಂದು ವಿಶ್ಲೇಷಣೆಯೆಂದರೆ ಖರ್ಚು ದೊಡ್ಡದು. ಕಾರ್ಖಾನೆಯ ಒಂದು ತಂಡಕ್ಕೆ ಒಂದೆಂದರೆ, ಆ ತಂಡದಿಂದ ಆಗುವ ರಸ್ತೆಯ ಉದ್ದಕ್ಕೆ ಹೋಲಿಸಿದಾಗ, ಅದು ಲೆಕ್ಕಕ್ಕೆ ಬರುವಂಥದಲ್ಲ.

ನಮ್ಮ ಕೈಯಳತೆಯಲ್ಲಿರುವ ಕೆಲಸವೂ ಒಂದಿದೆ. ಎರಡು ತಾಲ್ಲೂಕುಗಳ ಗಣಿಗಳಿಂದ ನೈಸ್ ಜಲ್ಲಿಯ ಮಾದರಿಗಳನ್ನೂ ಕರಿಕಲ್ಲು ಕಡಿಯುವೆಡೆಗಳಲ್ಲಿ ರಾಶಿಬಿದ್ದಿರುವ ಚೂರುಗಳನ್ನೂ ತಂದು, ಒಂದೇ ದರ್ಜೆಯ, ಆದರೆ ಬೇರೆಬೇರೆ ತಂಡಗಳ ಬಿಟುಮೆನ್ನುಗಳನ್ನು ಹಚ್ಚಿ, ಮೇಲ್ಕಂಡ ನೀರಿನ ಪರೀಕ್ಷೆಗೆ ಒಡ್ಡಬಹುದು. ಜೊತೆಯಲ್ಲಿ ಆ ಬಿಟುಮೆನ್ನುಗಳ ಆಮ್ಲಸಂಖ್ಯೆಯನ್ನೂ ಆಸ್ಫಾಲ್ಟೀನಿನ ಪ್ರಮಾಣವನ್ನೂ ಕಂಡುಹಿಡಿಯಲು ಹೆಪ್ಟೇನು, ಟಾಲ್ವೀನು, ಸೋಸುಕಾಗದ, ತಕ್ಕಡಿ, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣ ಇವಿಷ್ಟೇ ಮುಖ್ಯವಾಗಿ ಬೇಕಾದ ಸಾಮಗ್ರಿ. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರಿಗೆ ಇದು ಒಂದು ವರ್ಷದ ಕೆಲಸ. ಕಣ್ಣಂದಾಜಿನ ಜಾಗದಲ್ಲಿ ಛಾಯಾಚಿತ್ರ ತೆಗೆದು ಕಳಚಿದ ಮೈಯ ವಿಸ್ತೀರ್ಣವನ್ನು ಎಣಿಸುವುದು ಲೇಸು. ಒಂದೇ ಮಾದರಿಯನ್ನು ಇಬ್ಬರು ಪ್ರತ್ಯೇಕವಾಗಿ ನೋಡಿ ಬರೆದುಕೊಳ್ಳುವುದು ಇನ್ನೂ ಲೇಸು.